ಮನೆ ಯಾರ ಹೆಸರಿನಲ್ಲಿದೆ?

ಒಂದು ಮನೆ ಎಂದುಕೊಳ್ಳಿ. ಕೆಳಗೆ ಎರಡು ಕೋಣೆ, ಮೇಲೆ ಎರಡು. ಬಾಡಿಗೆ ಪುಸ್ತಕ ಅಜ್ಜನ ಹೆಸರಿನಲ್ಲಿದೆ. ಅಜ್ಜಿ ಇದ್ದಾಳೆ. ಮದುವೆಯಾಗಿ ಮೂರು ಮಕ್ಕಳಾದ ಹಿರಿಯ ಮಗ ಹೆಂಡತಿ ಮಕ್ಕಳೊಂದಿಗೆ ಮೇಲಿನ ಒಂದು ಕೋಣೆಯಲ್ಲಿ. ಷರ್ಟ್ ಕಾರ್ಖಾನೆಗೆ ದುಡಿಯಲು ಹೋಗುವ ಇಬ್ಬರು ಹೆಣ್ಣುಮಕ್ಕಳು ಇನ್ನೊಂದರಲ್ಲಿ. ಚಿಕ್ಕ ಮಕ್ಕಳನ್ನು ಬಿಟ್ಟರೆ ಎಲ್ಲರಿಗೂ ಇಪ್ಪತ್ತೊಂದು ದಾಟಿದೆ. ನಗರಸಭೆ ಚುನಾವಣೆ ಬಂದರೆ ಈ ಮನೆಯಲ್ಲಿ ವೋಟು ಎಷ್ಟು?

ಎರಡು. ಬಾಡಿಗೆ ಪುಸ್ತಕದ ಒಡೆಯನೆಂದು ಅಜ್ಜನದೊಂದು, ಅವನ ಹೆಂಡತಿಯೆಂದು ಅಜ್ಜಿಯದೊಂದು. ಮಗನಿಗಿಲ್ಲ, ಸೊಸೆಗಿಲ್ಲ, ದುಡಿಯುವ ಹೆಣ್ಣುಮಕ್ಕಳಿಗಿಲ್ಲ. ಅದೇ ಊರಿನಲ್ಲಿ ಒಂದು ಲಿಮಿಟೆಡ್ ಕಂಪನಿಯಿದ್ದರೆ, ಅದರ ಕಟ್ಟಡದ ತೆರಿಗೆ ಮೌಲ್ಯದ ಪ್ರತಿ 10 ಪೌಂಡಿಗೆ ಒಬ್ಬರಂತೆ, ಹೆಚ್ಚೆಂದರೆ ಆರು ಮಂದಿಯನ್ನು ತನ್ನ ಪರವಾಗಿ ವೋಟು ಹಾಕಲು ಕಳಿಸಬಹುದು. ಆ ಆರು ಜನಕ್ಕೆ ತಮ್ಮ ಮನೆಯ ಲೆಕ್ಕದ ವೋಟು ಬೇರೆ.

ಇದೇನೂ ವಿಕ್ಟೋರಿಯಾ ರಾಣಿಯ ಕಾಲದ ಸಂಗತಿಯಲ್ಲ. ಇಸವಿ 1967, ಬೀಟಲ್ಸ್ ಹಾಡುಗಳು ಜಗತ್ತನ್ನೆಲ್ಲ ಸುತ್ತುತ್ತಿದ್ದ ಕಾಲ. ದೇಶ ಬ್ರಿಟನ್, ಅದರ ಉತ್ತರ ಐರ್ಲೆಂಡ್ ಎಂಬ ತುಂಡು. ಸೋಜಿಗವೆಂದರೆ ಆ ಮಗ, ಸೊಸೆ, ಹೆಣ್ಣುಮಕ್ಕಳು ನಾಲ್ವರೂ ಲಂಡನ್ನಿನ ಪಾರ್ಲಿಮೆಂಟಿಗೆ ವೋಟು ಹಾಕಬಹುದಿತ್ತು. ಯುದ್ಧ ಮಾಡಬೇಕೇ, ಬಾಂಬು ತಯಾರಿಸಬೇಕೇ ಎಂದು ತೀರ್ಮಾನಿಸುವವರನ್ನು ಆರಿಸಲು ಯೋಗ್ಯರಾದವರು, ತಮ್ಮ ಬೀದಿಯ ಚರಂಡಿ ನೋಡಿಕೊಳ್ಳುವವನನ್ನು ಆರಿಸಲು ಅಯೋಗ್ಯರು! ಆ ಹೊತ್ತಿಗೆ ಭಾರತದಲ್ಲಿ ಸೂರಿಲ್ಲದವರೂ ಓದುಬರಹ ಅರಿಯದವರೂ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ವೋಟು ಹಾಕಿ ಮುಗಿಸಿದ್ದರು.

ತೆರಿಗೆ ಕಟ್ಟುವವನಿಗೆ ಮಾತ್ರ ವೋಟು ಎಂಬ ವಾದಕ್ಕೆ ಒಂದು ತರ್ಕವಿತ್ತು, ಅದನ್ನು ಪೂರಾ ತಳ್ಳಿಹಾಕುವಂತಿಲ್ಲ. ಊರಿನ ದೀಪ, ನೀರು, ಕಸದ ಖರ್ಚು ಮನೆತೆರಿಗೆಯಿಂದ ಬರುತ್ತದೆ. ಹಣ ಕೊಡುವವನು ಲೆಕ್ಕ ಕೇಳಲಿ. 1835ರ ಇಂಗ್ಲೆಂಡಿನ ಮುನಿಸಿಪಲ್ ಕಾಯ್ದೆ ನಿಂತದ್ದೇ ಇದರ ಮೇಲೆ. ಬಾಣಲೆಯಲ್ಲಿದ್ದದ್ದೇ ತಟ್ಟೆಗೆ ಬರುವುದು. ನಮ್ಮ ನೆಲಕ್ಕೂ ಬಂದದ್ದು ಅದೇ. 1872ರ ಬೊಂಬಾಯಿ ಕಾಯ್ದೆಯಲ್ಲಿ 64 ಸದಸ್ಯರ ಪೈಕಿ 32 ಮಂದಿಯನ್ನು ತೆರಿಗೆದಾರರು ಆರಿಸುತ್ತಿದ್ದರು. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವರಾಜ್ಯದ ನಿರ್ಣಯ ಹೊರಡಿಸಿದ ಮೇಲೆ ಎಷ್ಟೋ ಊರುಗಳ ಮುನಿಸಿಪಾಲಿಟಿಗಳಲ್ಲಿ ಚುನಾವಣೆ ಎಂಬ ಪದ ಕೇಳಿಬಂತು, ಆದರೆ ಅದು ಉಳ್ಳವರ ಚುನಾವಣೆ. ನಾವು ಆ ಪದ್ಧತಿಯನ್ನು ಸ್ವಾತಂತ್ರ್ಯದೊಂದಿಗೆ ಕಳಚಿಹಾಕಿದೆವು. ಇಂದು ಕರ್ನಾಟಕದ ಯಾವುದೇ ಪುರಸಭೆಯಲ್ಲಿ, ವಿಧಾನಸಭೆಯ ಮತದಾರರ ಪಟ್ಟಿಯ ಆ ವಾರ್ಡಿನ ಭಾಗದಲ್ಲಿ ಹೆಸರಿದ್ದರಾಯಿತು. ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂದು ಯಾರೂ ಕೇಳುವುದಿಲ್ಲ. ಇಂಗ್ಲೆಂಡ್ ಕೂಡ 1945ರಲ್ಲಿ ಪಾರ್ಲಿಮೆಂಟಿನ ಮತದಾರರೆಲ್ಲರಿಗೂ ಸ್ಥಳೀಯ ವೋಟು ಕೊಟ್ಟು ಹಳೆಯ ಲೆಕ್ಕ ಮುಗಿಸಿತು. ಬೆಲ್‌ಫಾಸ್ಟಿನ ಹೊರವಲಯದ ಸ್ಟಾರ್ಮಾಂಟ್‌ನಲ್ಲಿದ್ದ ಉತ್ತರ ಐರ್ಲೆಂಡಿನ ಶಾಸನಸಭೆ ಮಾತ್ರ 1946ರಲ್ಲಿ ತನ್ನದೇ ಕಾಯ್ದೆ ಮಾಡಿ ಹಳೆಯದನ್ನು ಉಳಿಸಿಕೊಂಡಿತು. ಒಳಬಾಡಿಗೆಯವರು, ಒಂದೊಂದು ಕೋಣೆ ಹಿಡಿದಿದ್ದವರು, ಅಪ್ಪನ ಮನೆಯಲ್ಲೇ ಇದ್ದ ಮಕ್ಕಳು ಹೊರಗೆ, ಕಂಪನಿಗಳು ಒಳಗೆ. ಅಲ್ಲಿ ಶಾಸನಸಭೆಗೆ ವೋಟಿದ್ದವರಲ್ಲಿ ಸುಮಾರು ಕಾಲು ಭಾಗದಷ್ಟು ಜನಕ್ಕೆ ಸ್ಥಳೀಯ ವೋಟು ಇರಲಿಲ್ಲ.

ಏಕೆ ಉಳಿಸಿಕೊಂಡರು ಎಂಬುದು ತಿಳಿಯಬೇಕಾದರೆ ಅಲ್ಲಿನ ಡೆರಿ ಎಂಬ ಊರಿಗೆ ಹೋಗಬೇಕು. ಈ ಊರಿನಲ್ಲಿ ಜಗಳ ಹೆಸರಿನಿಂದಲೇ ಶುರು. 1613ರಲ್ಲಿ ಲಂಡನ್ನಿನ ವ್ಯಾಪಾರಿ ಸಂಘಗಳು ಬಂದು ಕೋಟೆಗೋಡೆ ಕಟ್ಟಿ ಲಂಡನ್‌ಡೆರಿ ಎಂದು ಕರೆದವು. ಐರಿಷ್ ಕ್ಯಾಥೊಲಿಕರ ಬಾಯಲ್ಲಿ ಅದು ಡೆರಿ. ನಾನು ಚಿಕ್ಕ ಹೆಸರನ್ನು ಬಳಸುತ್ತಿರುವುದು ಬರೆಯುವ ಸುಲಭಕ್ಕೆ, ಆದರೆ ಅಲ್ಲಿನ ಅರ್ಧ ಊರು ಇದನ್ನು ನಂಬುವುದಿಲ್ಲ. 1689ರಲ್ಲಿ ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸನ ಸೈನ್ಯ ಈ ಕೋಟೆಗೆ 105 ದಿನ ಮುತ್ತಿಗೆ ಹಾಕಿದಾಗ ಒಳಗಿದ್ದ ಪ್ರೊಟೆಸ್ಟೆಂಟರು ಹಸಿವಿನಲ್ಲಿ ಸತ್ತರೂ ಬಾಗಿಲು ತೆರೆಯಲಿಲ್ಲ. ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಯೂನಿಯನಿಸ್ಟರಿಗೆ ಆ ಕೋಟೆ ಎಂದರೆ ನಮ್ಮವರಿಗೆ ಚಿತ್ರದುರ್ಗ ಇದ್ದ ಹಾಗೆ. ಅದರ ನಗರಸಭೆ ಕೈಬಿಟ್ಟುಹೋಗುವುದನ್ನು ಅವರು ಊಹಿಸಲೂ ಒಲ್ಲರು.

ಒಮ್ಮೆ ಕೈಬಿಟ್ಟಿತ್ತು. 1919ರಲ್ಲಿ ಲಂಡನ್ ಸರ್ಕಾರ ಐರ್ಲೆಂಡಿನ ಸ್ಥಳೀಯ ಚುನಾವಣೆಗಳಿಗೆ ಪ್ರಮಾಣಾನುಗುಣ ಪ್ರಾತಿನಿಧ್ಯ ತಂದಿತು. ಬಿದ್ದ ವೋಟಿಗೆ ತಕ್ಕಷ್ಟು ಸೀಟು. 1920ರ ಜನವರಿಯಲ್ಲಿ ಡೆರಿಯಲ್ಲಿ ಯೂನಿಯನಿಸ್ಟರು ಸೋತರು. ಹ್ಯೂ ಓಡೊಹರ್ಟಿ ಎಂಬ ಕ್ಯಾಥೊಲಿಕ್ ಮೇಯರ್ ಆದ. ಮುತ್ತಿಗೆಯ ಕಾಲದಿಂದೀಚೆಗೆ ಅವನೇ ಮೊದಲಿಗ. ಮರುವರ್ಷ ಐರ್ಲೆಂಡ್ ಎರಡು ಹೋಳಾಯಿತು, ಡೆರಿ ಗಡಿಯ ಬ್ರಿಟಿಷ್ ಬದಿಗೆ ಉಳಿಯಿತು. 1922ರಲ್ಲಿ ಹೊಸ ಉತ್ತರ ಐರ್ಲೆಂಡ್ ಸರ್ಕಾರ ಪ್ರಮಾಣಾನುಗುಣ ಪದ್ಧತಿಯನ್ನು ಕಿತ್ತುಹಾಕಿತು, ವಾರ್ಡುಗಳ ಗೆರೆ ಹೊಸದಾಗಿ ಎಳೆಯಿತು. 1923ರಲ್ಲಿ ನಗರಸಭೆ ಯೂನಿಯನಿಸ್ಟರ ಕೈಗೆ ವಾಪಸು ಬಂತು. ಕ್ಯಾಥೊಲಿಕರ ಸಂಖ್ಯೆ ಬೆಳೆಯುತ್ತ ಹೋದಾಗ 1936ರಲ್ಲಿ ಮತ್ತೊಮ್ಮೆ ಗೆರೆ ತಿದ್ದಿ ಊರನ್ನು ಮೂರು ವಾರ್ಡು ಮಾಡಿದರು.

ಆ ಮೂರು ವಾರ್ಡುಗಳ 1967ರ ಲೆಕ್ಕ ಮುಂದೆ ಲಾರ್ಡ್ ಕ್ಯಾಮರೂನ್ ಎಂಬ ಸ್ಕಾಟಿಷ್ ನ್ಯಾಯಾಧೀಶರ ಆಯೋಗದ ವರದಿಯಲ್ಲಿ ಅಚ್ಚಾಯಿತು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದಕ್ಷಿಣ ವಾರ್ಡಿನಲ್ಲಿ ಕ್ಯಾಥೊಲಿಕ್ ಮತದಾರರು 10,047, ಇತರರು 1,138, ಸದಸ್ಯರು ಎಂಟು. ಉತ್ತರ ವಾರ್ಡಿನಲ್ಲಿ ಕ್ಯಾಥೊಲಿಕರು 2,530, ಇತರರು 3,946. ಸದಸ್ಯರು ಅಲ್ಲೂ ಎಂಟು. ವಾಟರ್‌ಸೈಡ್ ವಾರ್ಡಿನಲ್ಲಿ ಕ್ಯಾಥೊಲಿಕರು 1,852, ಇತರರು 3,697, ಸದಸ್ಯರು ನಾಲ್ಕು. ಊರಿನ ಒಟ್ಟು ಮತದಾರರಲ್ಲಿ ಕ್ಯಾಥೊಲಿಕರು 14,429, ಇತರರು 8,781. ನಗರಸಭೆಯಲ್ಲಿ ಯೂನಿಯನಿಸ್ಟರು ಹನ್ನೆರಡು, ಎದುರಾಳಿಗಳು ಎಂಟು.

ದಕ್ಷಿಣ ವಾರ್ಡು ಒಂದು ದೊಡ್ಡ ಕಣಜ. ಎದುರಾಳಿಯ ವೋಟನ್ನೆಲ್ಲ ಅದರಲ್ಲಿ ತುಂಬಿ ಬಾಯಿ ಕಟ್ಟಿಟ್ಟರೆ ಎಂಟು ಸೀಟಿಗಿಂತ ಹೆಚ್ಚು ಹುಟ್ಟುವುದಿಲ್ಲ. ಇದು ಗೆರೆಯ ಕೈಚಳಕ, ಲೋಕದಲ್ಲಿ ಬೇರೆಡೆಯೂ ನಡೆದಿದೆ. ಆದರೆ ಉತ್ತರ ವಾರ್ಡಿನ ಅಂಕಿಯನ್ನು ಮತ್ತೊಮ್ಮೆ ನೋಡಿ. ಯೂನಿಯನಿಸ್ಟರ ಮೇಲುಗೈ ಅಲ್ಲಿ ಕೇವಲ 1,416 ವೋಟು. ಒಂದು ಮನೆಗೆ ಎರಡು ವೋಟು ಎಂಬ ಲೆಕ್ಕದಲ್ಲಿ 708 ಮನೆ. ಆ ವಾರ್ಡಿನಲ್ಲಿ ನಗರಸಭೆ 709 ಮನೆ ಕಟ್ಟಿಸಿ ಕ್ಯಾಥೊಲಿಕ್ ಸಂಸಾರಗಳಿಗೆ ಕೊಟ್ಟಿತೆನ್ನಿ. ಎಂಟಕ್ಕೆ ಎಂಟು ಸೀಟು ಈ ಕಡೆಯಿಂದ ಆ ಕಡೆ ವಾಲುತ್ತವೆ, ಕೋಟೆ ಬೀಳುತ್ತದೆ.

ಅದಕ್ಕೇ ಅಲ್ಲಿ ಮನೆ ಹಂಚುವುದೆಂದರೆ ವೋಟು ಹಂಚುವುದಾಗಿತ್ತು. ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಬಡವರಿಗೂ ಕಾರ್ಮಿಕರಿಗೂ ಬಾಡಿಗೆ ಮನೆ ಕಟ್ಟಿಸಿ ಕೊಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಡೆರಿಯಲ್ಲಿ ಯಾರಿಗೆ ಮನೆ ಎಂಬುದು ಮೇಯರನ ಒಬ್ಬನ ಕೈಯಲ್ಲಿತ್ತು. ಕ್ಯಾಥೊಲಿಕರಿಗೆ ಮನೆ ಕೊಡಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಕೊಟ್ಟರು, ದಕ್ಷಿಣ ವಾರ್ಡಿನೊಳಗೆ ಮಾತ್ರ. ಗುಡ್ಡದ ಮೇಲೆ ಕ್ರೆಗನ್ ಬಡಾವಣೆ ಎದ್ದಿತು. ಅಲ್ಲಿ ಜಾಗ ತುಂಬಿದ ಮೇಲೆ ಕೆಳಗಿನ ಬಾಗ್‌ಸೈಡ್‌ನಲ್ಲಿ ಅಕ್ಕಪಕ್ಕ ಹರಡಲಾಗದೆ ಮೇಲಕ್ಕೆ ಹೋದರು. 1966ರ ಹೊತ್ತಿಗೆ ರಾಸ್‌ವಿಲ್ ಫ್ಲಾಟುಗಳೆಂಬ ಬಹುಮಹಡಿ ಕಟ್ಟಡ ಬಂತು. ಊರಿನ ಬೇರೆ ಭಾಗದಲ್ಲಿ ನೆಲ ಖಾಲಿ ಬಿದ್ದಿತ್ತು. ಇನ್ನು ಸ್ಪ್ರಿಂಗ್‌ಟೌನ್. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಯವರು ಬಿಟ್ಟುಹೋದ ತಗಡಿನ ಗುಡಿಸಲುಗಳಿಗೆ 1946ರಲ್ಲಿ ಮನೆಯಿಲ್ಲದ ಸಂಸಾರಗಳು ನುಗ್ಗಿದವು. ತಾತ್ಕಾಲಿಕ ಎಂದುಕೊಂಡು ಹೋದವರಲ್ಲಿ ಕೊನೆಯವರು ಅಲ್ಲಿಂದ ಹೊರಬಂದದ್ದು 1967ರಲ್ಲಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ನಮ್ಮಲ್ಲಿ. ಡೆರಿಯ ಹುಡುಗನಿಗೆ ಮದುವೆ ಸಾಧ್ಯವಿತ್ತು, ಮನೆ ಇರಲಿಲ್ಲ. ಮನೆಯಿಲ್ಲದೆ ವೋಟಿಲ್ಲ, ವೋಟಿಲ್ಲದವನ ಮನೆಯ ಅರ್ಜಿಗೆ ನಗರಸಭೆಯಲ್ಲಿ ಕೇಳುವವರಿಲ್ಲ. ಕಾಯ್ದೆಯ ಪುಸ್ತಕದಲ್ಲಿ ಧರ್ಮದ ಹೆಸರು ಎಲ್ಲೂ ಇರಲಿಲ್ಲ, ಅದೇ ಅದರ ಜಾಣತನ. ಅತ್ತೆಮನೆಯ ಕೋಣೆಯಲ್ಲಿದ್ದ ಬಡ ಪ್ರೊಟೆಸ್ಟೆಂಟ್ ದಂಪತಿಗೂ ವೋಟಿರಲಿಲ್ಲ. ಆದರೆ ಬಡತನ ಹೆಚ್ಚು, ಸಂಸಾರ ದೊಡ್ಡದು, ಮನೆ ಕಡಿಮೆ ಇದ್ದದ್ದು ಕ್ಯಾಥೊಲಿಕರಲ್ಲಿ; ಕತ್ತಿ ಸಮನಾಗಿ ಬೀಸಿದರೂ ತಲೆ ಹೋಗುತ್ತಿದ್ದದ್ದು ಅವರದೇ. ಕ್ಯಾಥೊಲಿಕರ ಬಹುಮತವಿದ್ದ ನ್ಯೂರಿಯಂಥ ಊರಿನ ಸಭೆಯೂ ಮನೆ ಹಂಚುವಾಗ ತನ್ನವರನ್ನೇ ನೋಡಿಕೊಂಡಿತೆಂಬುದನ್ನು ಕ್ಯಾಮರೂನ್ ವರದಿ ಮುಚ್ಚಿಡಲಿಲ್ಲ. ಹಾಗಿದ್ದ ಊರುಗಳು ಕೆಲವೇ.

ಮೊದಲು ಬೀದಿಗಿಳಿದವರು ಡಂಗ್ಯಾನನ್ ಎಂಬ ಸಣ್ಣ ಪಟ್ಟಣದ ತಾಯಂದಿರು. 1963ರಲ್ಲಿ ಅವರು, ಕೆಡವಲೆಂದು ಖಾಲಿ ಮಾಡಿಸಿದ್ದ ಹಳೆಯ ತಾತ್ಕಾಲಿಕ ಮನೆಗಳಿಗೆ ಮಕ್ಕಳೊಂದಿಗೆ ನುಗ್ಗಿ ಕೂತರು. ಅವರ ಬೆನ್ನಿಗೆ ನಿಂತವರು ಅಲ್ಲಿನ ವೈದ್ಯ ಕಾನ್ ಮಕ್‌ಕ್ಲಸ್ಕಿ ಮತ್ತು ಅವರ ಪತ್ನಿ ಪ್ಯಾಟ್ರಿಷಿಯಾ. ಈ ದಂಪತಿ 1964ರಲ್ಲಿ ಒಂದು ಸಂಘ ಕಟ್ಟಿ, ಯಾವ ಊರಿನಲ್ಲಿ ಯಾರಿಗೆ ಎಷ್ಟು ಮನೆ, ಎಷ್ಟು ಕೆಲಸ ಎಂದು ಅಂಕಿ ಹೆಕ್ಕಿ ಲಂಡನ್ನಿಗೆ ಕಳಿಸತೊಡಗಿದರು. ಲಂಡನ್ನಿನ ಉತ್ತರ ಸಿದ್ಧವಾಗಿತ್ತು: ಅದು ಸ್ಟಾರ್ಮಾಂಟ್‌ಗೆ ವಹಿಸಿದ ವಿಷಯ, ನಮ್ಮ ಸದನದಲ್ಲಿ ಅದನ್ನು ಎತ್ತುವ ಸಂಪ್ರದಾಯವಿಲ್ಲ.

ಹೀಗೆ ಐದು ವರ್ಷ ಕಳೆದ ಮೇಲೆ ಕಿಡಿ ಹಾರಿದ್ದು ಕ್ಯಾಲಿಡನ್ ಎಂಬ ಹಳ್ಳಿಯ ಒಂದು ಮನೆಯಿಂದ. 1968ರ ಜೂನ್. ಹೊಸದಾಗಿ ಕಟ್ಟಿದ ಸಾಲಿನಲ್ಲಿ ಸೇರಿಕೊಂಡಿದ್ದ ಕ್ಯಾಥೊಲಿಕ್ ಸಂಸಾರವನ್ನು ಎಳೆದು ಹೊರಹಾಕಿದರು. ಪಕ್ಕದ ಮನೆ ಸಿಕ್ಕಿದ್ದು ಹತ್ತೊಂಬತ್ತು ವರ್ಷದ, ಇನ್ನೂ ಮದುವೆಯಾಗದ ಪ್ರೊಟೆಸ್ಟೆಂಟ್ ಹುಡುಗಿಯೊಬ್ಬಳಿಗೆ. ಅವಳು ಒಬ್ಬ ಯೂನಿಯನಿಸ್ಟ್ ರಾಜಕಾರಣಿಯ ಕಚೇರಿಯಲ್ಲಿ ಕಾರ್ಯದರ್ಶಿ. ವೋಟು ಹಾಕಲು ಅವಳಿಗಿನ್ನೂ ವಯಸ್ಸೇ ಆಗಿರಲಿಲ್ಲ ಎಂಬುದನ್ನು ಯಾರಾದರೂ ಗಮನಿಸಿದರೋ ಇಲ್ಲವೋ. ಆ ಹೊತ್ತಿನಲ್ಲಿ ಜನ ಕಂಡದ್ದು ಮಕ್ಕಳೊಂದಿಗನ ಪಾತ್ರೆಪಡಗ ಬೀದಿಯಲ್ಲಿ, ಒಂಟಿ ಹುಡುಗಿಗೆ ಇಡೀ ಮನೆ. ಆಸ್ಟಿನ್ ಕರಿ ಎಂಬ ಯುವ ಶಾಸಕ ಸ್ಟಾರ್ಮಾಂಟ್‌ನಲ್ಲಿ ಪ್ರಶ್ನೆ ಎತ್ತಿ ಫಲ ಕಾಣದೆ, ಜೂನ್ 20ರಂದು ಇಬ್ಬರನ್ನು ಜೊತೆಗಿಟ್ಟುಕೊಂಡು ಆ ಮನೆಯೊಳಗೆ ಹೊಕ್ಕು ಬಾಗಿಲು ಭದ್ರಪಡಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವರನ್ನು ಹೊರಹಾಕಿದವರಲ್ಲಿ ಒಬ್ಬ ಪೊಲೀಸ್, ಆ ಹುಡುಗಿಯ ಅಣ್ಣತಮ್ಮಂದಿರಲ್ಲೊಬ್ಬ. ಕಾದಂಬರಿಯಲ್ಲಿ ಹೀಗೆ ಬರೆದರೆ ಸಂಪಾದಕರು ಅತಿಯಾಯಿತು ಎಂದು ಹೊಡೆದುಹಾಕುತ್ತಿದ್ದರು.

ಅಲ್ಲಿಂದ ಮುಂದಿನದು ವೇಗವಾಗಿ ನಡೆಯಿತು. ಅದೇ ವಾರ ಡೆರಿಯ ಮನೆ ಹೋರಾಟಗಾರರು, ಒಂದು ಸಂಸಾರ ವಾಸವಿದ್ದ ಕ್ಯಾರವಾನನ್ನು ಲೆಕಿ ರಸ್ತೆಗೆ ಅಡ್ಡ ಎಳೆದು ನಿಲ್ಲಿಸಿದರು. ಆಗಸ್ಟ್ 24ರಂದು ನಾಗರಿಕ ಹಕ್ಕುಗಳ ಸಂಘ ಕೋಲ್‌ಐಲೆಂಡಿನಿಂದ ಡಂಗ್ಯಾನನ್‌ಗೆ ಮೆರವಣಿಗೆ ಹೊರಟಿತು. ಸಾವಿರಾರು ಜನ ಸೇರಿದರು, ಅಮೆರಿಕದ ಕರಿಯರ ಹೋರಾಟದ ಹಾಡನ್ನು ಹಾಡಿದರು. ಬೇಡಿಕೆಗಳ ಪಟ್ಟಿ ಉದ್ದವಿತ್ತು, ಜನರ ಬಾಯಲ್ಲಿ ನಿಂತದ್ದು ಒಂದೇ: ಒಬ್ಬರಿಗೆ ಒಂದು ವೋಟು. ಐರ್ಲೆಂಡ್ ಒಂದಾಗಲಿ, ಗಡಿ ಹೋಗಲಿ ಎಂಬ ಹಳೆಯ ಕೂಗಿಗೆ ಸರ್ಕಾರದ ಬಳಿ ಹಳೆಯ ಉತ್ತರವಿತ್ತು. ಲಿವರ್‌ಪೂಲಿನವನಿಗೆ ಇರುವುದನ್ನು ನನಗೂ ಕೊಡಿ ಎಂದವನಿಗೆ ಏನು ಹೇಳುವುದು? ನಾನು ಬ್ರಿಟಿಷ್ ಪ್ರಜೆ ಎಂಬ ಯೂನಿಯನಿಸ್ಟರ ಮಾತನ್ನೇ ಅವರ ಎದುರಾಳಿ ಅವರ ಕೈಯಿಂದ ಎತ್ತಿಕೊಂಡಿದ್ದ.

ಅಕ್ಟೋಬರ್ 5, ಶನಿವಾರ. ಡೆರಿಯಲ್ಲಿ ಮೆರವಣಿಗೆ ಎಂದು ಗೊತ್ತಾಗಿತ್ತು. ರೈಲು ನಿಲ್ದಾಣದಿಂದ ಹೊರಟು ಸೇತುವೆ ದಾಟಿ ಕೋಟೆಯೊಳಗಿನ ಚೌಕಕ್ಕೆ. ಅದೇ ದಿನ ಪ್ರೊಟೆಸ್ಟೆಂಟರ ಅಪ್ರೆಂಟಿಸ್ ಬಾಯ್ಸ್ ಸಂಘದವರದೂ ಮೆರವಣಿಗೆ ಇದೆಯೆಂಬ ಕಾರಣ ಮುಂದಿಟ್ಟು ಗೃಹಮಂತ್ರಿ ವಿಲಿಯಂ ಕ್ರೇಗ್ ನಿಷೇಧ ಹೇರಿದರು. ನಿಷೇಧ ಇಲ್ಲದಿದ್ದರೆ ಅಷ್ಟು ಜನವೂ ಬರುತ್ತಿರಲಿಲ್ಲವೇನೋ. ಬಂದವರೇ ಸುಮಾರು ನಾನೂರು. ಡ್ಯೂಕ್ ಸ್ಟ್ರೀಟ್ ಕಿರಿದಾದ ರಸ್ತೆ. ಮುಂದೆಯೂ ಪೊಲೀಸರು, ಹಿಂದೆಯೂ ಪೊಲೀಸರು. ಲಾಠಿ ಬೀಸಿದಾಗ ಓಡಲು ಸಂದಿಯಿರಲಿಲ್ಲ. ಲಂಡನ್ ಪಾರ್ಲಿಮೆಂಟಿನ ಸದಸ್ಯ ಗೆರಿ ಫಿಟ್ ಅವರ ತಲೆ ಒಡೆದು ರಕ್ತ ಅಂಗಿಗಿಳಿಯಿತು. ಲಂಡನ್ನಿನಿಂದ ನೋಡಲೆಂದೇ ಬಂದಿದ್ದ ಮೂವರು ಲೇಬರ್ ಸಂಸದರ ಕಣ್ಣೆದುರೇ ಇದು ನಡೆಯಿತು. ಆಮೇಲೆ ಜಲಫಿರಂಗಿ. ಐರಿಷ್ ದೂರದರ್ಶನದ ಗೇ ಓಬ್ರಯನ್ ಎಂಬ ಛಾಯಾಗ್ರಾಹಕ ಕ್ಯಾಮೆರಾ ನಿಲ್ಲಿಸದೆ ಎಲ್ಲವನ್ನೂ ಹಿಡಿದ. ಸದನದಲ್ಲಿ ಎತ್ತಬಾರದೆಂಬ ಲಂಡನ್ನಿನ ಸಂಪ್ರದಾಯ ಆ ಕೆಲವು ನಿಮಿಷಗಳ ಚಿತ್ರದ ಮುಂದೆ ನಿಲ್ಲಲಿಲ್ಲ. ನವೆಂಬರ್ 16ರಂದು ಅದೇ ಸೇತುವೆಯ ಮೇಲೆ ನಡೆದವರು ಹದಿನೈದು ಸಾವಿರ. ಅವರನ್ನು ಮುನ್ನಡೆಸಿದ ಸಮಿತಿಯ ಅಧ್ಯಕ್ಷ ಐವನ್ ಕೂಪರ್ ಪ್ರೊಟೆಸ್ಟೆಂಟ್, ಉಪಾಧ್ಯಕ್ಷ ಜಾನ್ ಹ್ಯೂಮ್ ಶಾಲಾ ಮೇಷ್ಟರಾಗಿದ್ದ ಕ್ಯಾಥೊಲಿಕ್.

ಉತ್ತರ ಐರ್ಲೆಂಡಿನ ಪ್ರಧಾನಿ ಟೆರೆನ್ಸ್ ಓನೀಲ್ ಮೇಲೆ ಲಂಡನ್ನಿನಿಂದ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ಒತ್ತಡ, ಕೆಳಗಿನಿಂದ ಸ್ವಂತ ಪಕ್ಷದವರ ಸಿಟ್ಟು. ನವೆಂಬರ್ 22ರಂದು ಅವರು ಐದು ಸುಧಾರಣೆ ಪ್ರಕಟಿಸಿದರು. ಮನೆ ಹಂಚಿಕೆಗೆ ಅಂಕ ಪದ್ಧತಿ, ದೂರು ಕೇಳಲು ಒಬ್ಬ ಅಧಿಕಾರಿ, ವಿಶೇಷಾಧಿಕಾರ ಕಾಯ್ದೆಯ ಪರಿಶೀಲನೆ, ಕಂಪನಿ ವೋಟು ರದ್ದು. ಕಂಪನಿ ವೋಟುಗಳ ಸಂಖ್ಯೆ ನಿಜಕ್ಕೂ ದೊಡ್ಡದೇನಲ್ಲ, ಅದನ್ನು ಬಿಟ್ಟುಕೊಡುವುದು ಸುಲಭವಿತ್ತು. ಐದನೆಯದು ವಿಚಿತ್ರ: ಡೆರಿ ನಗರಸಭೆಯನ್ನೇ ಎತ್ತಿಹಾಕಿ ಅದರ ಜಾಗದಲ್ಲಿ ಸರ್ಕಾರ ನೇಮಿಸಿದ ಅಭಿವೃದ್ಧಿ ಆಯೋಗ. ವೋಟು ಕೇಳಿದವರಿಗೆ, ವೋಟು ಹಾಕಲು ನಗರಸಭೆಯೇ ಇಲ್ಲದಂತಾಯಿತು. ಮನೆಯಿಲ್ಲದ ವಯಸ್ಕರ ವೋಟಿನ ಬಗ್ಗೆ ಆ ಪಟ್ಟಿಯಲ್ಲಿ ಒಂದು ಮಾತೂ ಇರಲಿಲ್ಲ.

ಆ ಒಂದು ಮಾತಿಗೆ ಇನ್ನೂ ಐದು ತಿಂಗಳು ಬೇಕಾಯಿತು. 1969ರ ಜನವರಿಯಲ್ಲಿ ವಿದ್ಯಾರ್ಥಿಗಳ ನಡಿಗೆಯ ಮೇಲೆ ಬರ್ನ್‌ಟಾಲೆಟ್ ಸೇತುವೆಯ ಬಳಿ ಕಲ್ಲು, ದೊಣ್ಣೆಗಳ ದಾಳಿ. ಏಪ್ರಿಲ್‌ನಲ್ಲಿ ಇಪ್ಪತ್ತೊಂದು ವರ್ಷದ ಬರ್ನಡೆಟ್ ಡೆವ್ಲಿನ್ ಲಂಡನ್ ಪಾರ್ಲಿಮೆಂಟಿಗೆ ಗೆದ್ದು ಹೋದರು. ಕೊನೆಗೆ ಏಪ್ರಿಲ್ ಮೂರನೆಯ ವಾರ ಕಳೆದ ಮೇಲೆ ಯೂನಿಯನಿಸ್ಟ್ ಶಾಸಕಾಂಗ ಪಕ್ಷ ಬಾಗಿಲು ಹಾಕಿಕೊಂಡು ಕೂತು, 28ಕ್ಕೆ 22 ಮತಗಳಿಂದ ಒಬ್ಬರಿಗೆ ಒಂದು ವೋಟು ಎಂಬುದನ್ನು ಒಪ್ಪಿತು. ಕೃಷಿ ಮಂತ್ರಿ ಜೇಮ್ಸ್ ಚಿಚೆಸ್ಟರ್-ಕ್ಲಾರ್ಕ್, ಇದು ಸಮಯವಲ್ಲ ಎಂದು ರಾಜೀನಾಮೆ ಬಿಸಾಡಿದರು. ನೀರು, ವಿದ್ಯುತ್ ಸ್ಥಾವರಗಳ ಬಳಿ ಬಾಂಬುಗಳು ಸಿಡಿದವು. ಒಂದಾದ ಐರ್ಲೆಂಡಿಗಾಗಿ ಬಂದೂಕು ಹಿಡಿದ ಐಆರ್‌ಎ ಕೆಲಸವೆಂದು ಎಲ್ಲರೂ ಬೈದರು, ಮಾಡಿದವರು ಓನೀಲ್‌ರನ್ನು ಇಳಿಸಲು ಹೊರಟ ಪ್ರೊಟೆಸ್ಟೆಂಟ್ ಉಗ್ರರೆಂದು ಆಮೇಲೆ ತಿಳಿಯಿತು. ಏಪ್ರಿಲ್ 28ರಂದು ಓನೀಲ್ ಇಳಿದರು. ಉತ್ತರಾಧಿಕಾರಿಯ ಆಯ್ಕೆಯಲ್ಲಿ ಚಿಚೆಸ್ಟರ್-ಕ್ಲಾರ್ಕ್‌ಗೆ 17, ಬ್ರಯನ್ ಫಾಕ್ನರ್‌ಗೆ 16. ಓನೀಲ್ ತಮ್ಮ ವೋಟನ್ನು ದೂರದ ನೆಂಟನಾದ ಚಿಚೆಸ್ಟರ್-ಕ್ಲಾರ್ಕ್‌ಗೇ ಹಾಕಿದ್ದರು. ಒಬ್ಬರಿಗೆ ಒಂದು ವೋಟಿನ ವಿರುದ್ಧ ಕುರ್ಚಿ ಬಿಟ್ಟೆದ್ದ ಮನುಷ್ಯ ಒಂದೇ ಒಂದು ವೋಟಿನಿಂದ ಪ್ರಧಾನಿಯಾದ. ಆದ ಮೇಲೆ ಆ ಸುಧಾರಣೆಯನ್ನು ತಾನೇ ಜಾರಿಗೆ ತಂದ. 1969ರ ನವೆಂಬರ್ 25ರಂದು ಅದು ಕಾಯ್ದೆಯಾಯಿತು.

ಕಾಯ್ದೆ ಬಂತು, ಚುನಾವಣೆ ಬರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು, ವರ್ಷಗಟ್ಟಲೆ ಕಾರ್ಪೊರೇಟರುಗಳ ಮುಖ ಕಾಣದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಸ್ಥಳೀಯ ಸಂಸ್ಥೆಗಳ ಗಡಿಗಳನ್ನು ಮರುರಚಿಸೋಣ ಎಂದಿತು ಸ್ಟಾರ್ಮಾಂಟ್. ಅಷ್ಟರಲ್ಲಿ ಡೆರಿ ಹೊತ್ತಿ ಉರಿಯುತ್ತಿತ್ತು. 1969ರ ಆಗಸ್ಟ್‌ನಲ್ಲೇ ಬಾಗ್‌ಸೈಡ್‌ನಲ್ಲಿ ಮೂರು ದಿನ ಬೀದಿ ಕಾಳಗವಾಗಿ ಸೈನ್ಯ ಇಳಿದಿತ್ತು. 1971ರಲ್ಲಿ ವಿಚಾರಣೆಯಿಲ್ಲದ ಬಂಧನ. 1972ರ ಜನವರಿ 30ರಂದು ಅದನ್ನು ಪ್ರತಿಭಟಿಸಿ ನಡೆಯುತ್ತಿದ್ದವರ ಮೇಲೆ ಸೈನಿಕರು ಗುಂಡು ಹಾರಿಸಿ ಹದಿಮೂರು ಜನರನ್ನು ಅಲ್ಲೇ ಕೊಂದರು. ಅವರಲ್ಲಿ ಹಲವರು ಬಿದ್ದದ್ದು ರಾಸ್‌ವಿಲ್ ಫ್ಲಾಟುಗಳ ಆಸುಪಾಸಿನಲ್ಲಿ, ವಾರ್ಡಿನ ಗೆರೆ ದಾಟದಿರಲೆಂದು ಆಕಾಶಕ್ಕೆ ಕಟ್ಟಿದ ಅದೇ ಮನೆಗಳ ಬುಡದಲ್ಲಿ. ಎರಡು ತಿಂಗಳಿಗೆ ಸ್ಟಾರ್ಮಾಂಟ್ ಸರ್ಕಾರವನ್ನೇ ಲಂಡನ್ ಅಮಾನತಿನಲ್ಲಿಟ್ಟಿತು.

ಹದಿನೆಂಟು ತುಂಬಿದವರೆಲ್ಲ, ಮನೆ ಯಾರದೇ ಹೆಸರಿನಲ್ಲಿರಲಿ, ಸ್ಥಳೀಯ ಚುನಾವಣೆಗೆ ಮೊದಲ ಸಲ ವೋಟು ಹಾಕಿದ್ದು 1973ರ ಮೇ 30ರಂದು. 1922ರಲ್ಲಿ ಕಿತ್ತೆಸೆದಿದ್ದ ಪ್ರಮಾಣಾನುಗುಣ ಪದ್ಧತಿಯೂ ಅಂದೇ ಮರಳಿತು. ಹಳೆಯ ಮೂರು ವಾರ್ಡುಗಳು ನಕಾಶೆಯಿಂದ ಅಳಿಸಿಹೋಗಿದ್ದವು. ಹೊಸ ಸಭೆಯಲ್ಲಿ ಯೂನಿಯನಿಸ್ಟರಿಗೆ ಬಹುಮತ ಬರಲಿಲ್ಲ. ಕ್ಯಾಥೊಲಿಕ್ ವೈದ್ಯ ರೇಮಂಡ್ ಮಕ್ಲೀನ್ ಮೇಯರ್ ಆದರು. ಓಡೊಹರ್ಟಿಯ ಕಾಲಕ್ಕೂ ಅವರ ಕಾಲಕ್ಕೂ ನಡುವೆ ಅರ್ಧ ಶತಮಾನ. 1984ರಲ್ಲಿ ಅದೇ ಸಭೆ ತನ್ನ ಹೆಸರಿನಿಂದ ಲಂಡನ್ ಎಂಬುದನ್ನು ತೆಗೆದುಹಾಕಿತು.

ಆದರೆ ಮಕ್ಲೀನ್ ಅವರ ಬಳಿ ಬಂದು ಯಾರಾದರೂ ಮನೆ ಕೇಳಿದ್ದರೆ, ಕೊಡಲು ಅವರ ಕೈಯಲ್ಲಿ ಒಂದೂ ಇರಲಿಲ್ಲ. ಮನೆಗಳ ವ್ಯವಹಾರವನ್ನೆಲ್ಲ ಸ್ಥಳೀಯ ಸಂಸ್ಥೆಗಳಿಂದ ಕಿತ್ತು 1971ರಲ್ಲೇ ಪ್ರತ್ಯೇಕ ಮಂಡಳಿಗೆ ಕೊಟ್ಟಾಗಿತ್ತು. ಶಾಲೆ, ರಸ್ತೆ, ಯೋಜನೆಗಳೂ ಬೇರೆಡೆಗೆ ಹೋಗಿದ್ದವು. ಕಸ, ಉದ್ಯಾನ, ಸ್ಮಶಾನ ಇಷ್ಟನ್ನು ಉಳಿಸಿದ್ದರು. ಕೂತು ಸಭೆ ನಡೆಸಲು ನಗರಸಭೆಯ ಭವನವಾದ ಗಿಲ್ಡ್‌ಹಾಲ್ ಕೂಡ ಇರಲಿಲ್ಲ. ಹಿಂದಿನ ವರ್ಷದ ಬಾಂಬುಗಳಲ್ಲಿ ಒಡೆದುಹೋಗಿದ್ದ ಆ ಕಟ್ಟಡ ರಿಪೇರಿಯಾಗಿ ಬಾಗಿಲು ತೆರೆದದ್ದು 1977ರಲ್ಲಿ.